ಮೋಟಾರು ಕಾರುಗಳ ಬಣ್ಣದ ಚಕ್ಕೆ ಏಳುವಿಕೆ: ದುರಸ್ತಿ, ಮುಂಜಾಗ್ರತೆ ಹಾಗೂ ನೋಂದಣಿ ಸಂಬಂಧಿತ ಮಾಹಿತಿ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ವಾಹನ ಮಾಲೀಕರ ಗಮನಕ್ಕೆ)

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಪ್ರದೇಶವು ಸುಣ್ಣಕಲ್ಲಿನ ನಾಡಾಗಿದೆ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲೂ, ಆದಿತ್ಯನಗರ, ಸೇಡಂ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾಗುವ ಕಚ್ಚಾ ಕಲ್ಲೂ ಇದೇ ನೆಲದಿಂದ ದೊರೆಯುತ್ತವೆ. ಇದರ ಫಲವಾಗಿ ಈ ಭಾಗದ ರಸ್ತೆಗಳಲ್ಲಿ ಕಲ್ಲು, ಜಲ್ಲಿ ಹಾಗೂ ಸಿಮೆಂಟ್ ಸಾಗಿಸುವ ಲಾರಿ ಮತ್ತು ಟಿಪ್ಪರ್‌ಗಳ ಸಂಚಾರ ಅಧಿಕವಾಗಿರುತ್ತದೆ. ಇದೇ ರಸ್ತೆಗಳಲ್ಲಿ ಸಂಚರಿಸುವ ಕಾರುಗಳ ಮುಂಭಾಗದಲ್ಲಿ ಕಲ್ಲಿನ ಚೂರು ತಗುಲಿ ಬಣ್ಣವು ಚಕ್ಕೆಯಾಗಿ ಏಳುವುದು ಸಾಮಾನ್ಯ ಸಂಗತಿಯಾಗಿದೆ.

ಸಾಸಿವೆ ಕಾಳಿನಷ್ಟು ಸಣ್ಣ ಗಾಯವೆಂದು ಮಾಲೀಕರು ಇದನ್ನು ಕಡೆಗಣಿಸುವುದುಂಟು. ಆದರೆ ಬಣ್ಣವು ಕಾರಿಗೆ ಕೇವಲ ಅಲಂಕಾರವಲ್ಲ; ಕೆಳಗಿರುವ ಉಕ್ಕಿನ ತಗಡಿಗೆ ಅದೊಂದೇ ಹೊದಿಕೆ. ಒಂದು ಕುಟುಂಬವು ಹಲವು ವರ್ಷ ಕಂತು ಕಟ್ಟಿ ಕೊಂಡ ವಾಹನದ ಆಯುಷ್ಯ, ಮಾರಾಟದ ಬೆಲೆ ಹಾಗೂ ಹದಿನೈದು ವರ್ಷಗಳ ನಂತರದ ನೋಂದಣಿ ನವೀಕರಣ, ಈ ಮೂರೂ ಆ ಹೊದಿಕೆಯನ್ನು ಅವಲಂಬಿಸಿವೆ. ಚಕ್ಕೆ ಎದ್ದ ಮೊದಲ ವಾರದಲ್ಲಿ ಅಲ್ಪ ಖರ್ಚಿನಲ್ಲಿ ಮುಗಿಯುವ ಕೆಲಸವು ಎರಡು ಮಳೆಗಾಲ ಕಳೆದ ಮೇಲೆ ತಗಡು ಕತ್ತರಿಸಿ ಬೆಸುಗೆ ಹಾಕಿಸುವ ಕೆಲಸವಾಗುತ್ತದೆ. ಆದ್ದರಿಂದ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಗಾಯದ ಆಳವನ್ನು ಗುರುತಿಸುವುದು

ಕಾರ್ಖಾನೆಯಲ್ಲಿ ಕಾರಿನ ತಗಡಿಗೆ ಸಾಮಾನ್ಯವಾಗಿ ನಾಲ್ಕು ಪದರಗಳನ್ನು ಲೇಪಿಸಲಾಗುತ್ತದೆ. ತಗಡಿಗೆ ಅಂಟಿಕೊಂಡಂತೆ ವಿದ್ಯುತ್ತಿನ ಸಹಾಯದಿಂದ ಕೂರಿಸಿದ ತುಕ್ಕುನಿರೋಧಕ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಹೊಳಪಿನ ಪದರ. ಈ ನಾಲ್ಕೂ ಸೇರಿ ದಪ್ಪವು ಸುಮಾರು 100 ರಿಂದ 150 ಮೈಕ್ರಾನ್, ಅಂದರೆ ಬರೆಯುವ ಕಾಗದದ ಒಂದು ಹಾಳೆಯಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು. ಇವುಗಳಲ್ಲಿ ಬಣ್ಣದ ಪದರವೇ ಅತ್ಯಂತ ತೆಳುವಾದವುಗಳಲ್ಲಿ ಒಂದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ದುರಸ್ತಿಗೆ ಮುನ್ನ ಗಾಯವು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿಯುವುದು ಅವಶ್ಯಕ. ಜಾಗವನ್ನು ತೊಳೆದು ಒಣಗಿಸಿ, ಬೆರಳಿನಿಂದ ಒಂದು ಹನಿ ನೀರು ಸವರಬೇಕು. ನೀರು ತಾಗಿದಾಗ ಗುರುತು ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡರೆ, ಮೇಲಿನ ಹೊಳಪಿನ ಪದರಕ್ಕೆ ಮಾತ್ರ ಪೆಟ್ಟಾಗಿದೆ ಎಂದು ತಿಳಿಯಬಹುದು. ಅದಕ್ಕೆ ಪಾಲಿಷ್ ಸಾಕು. ಬೂದು ಅಥವಾ ಬೇರೆ ಛಾಯೆ ಕಂಡರೆ ಗಾಯವು ಪ್ರೈಮರ್‌ವರೆಗೆ ಹೋಗಿದೆ. ಅವಸರವಿಲ್ಲದಿದ್ದರೂ ತಿಂಗಳೊಳಗೆ ಬಣ್ಣ ತುಂಬಿಸುವುದು ಒಳಿತು. ತಗಡು ಹೊಳೆಯುತ್ತಿದ್ದರೆ ಆ ವಾರವೇ ಕೆಲಸ ಆಗಬೇಕು. ಕೆಂಗಂದು ಬಣ್ಣ ಕಂಡುಬಂದಲ್ಲಿ ತುಕ್ಕು ಆರಂಭವಾಗಿದೆ. ತುಕ್ಕು ಹಿಡಿದ ಕಬ್ಬಿಣವು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸುವುದರಿಂದ ಅಕ್ಕಪಕ್ಕದ ಗಟ್ಟಿ ಬಣ್ಣವನ್ನೂ ಒಳಗಿನಿಂದ ಎತ್ತುತ್ತಾ ಹೋಗುತ್ತದೆ. ಮೇಲೆ ಕಾಣುವ ಚುಕ್ಕೆಗಿಂತ ಒಳಗಿನ ಹರಡುವಿಕೆ ಯಾವಾಗಲೂ ದೊಡ್ಡದಿರುತ್ತದೆ.

ಇತ್ತೀಚಿನ ಕಾರುಗಳ ಬಂಪರ್ ಪ್ಲಾಸ್ಟಿಕ್ಕಿನದಾಗಿರುತ್ತದೆ. ಅಲ್ಲಿ ಚಕ್ಕೆ ಎದ್ದು ಕಪ್ಪು ಕಂಡರೆ ಅದು ಪ್ಲಾಸ್ಟಿಕ್ಕೇ ಹೊರತು ತುಕ್ಕಲ್ಲ, ಗಾಬರಿಗೆ ಕಾರಣವಿಲ್ಲ. ಮೊದಲ ಗಮನವು ಬಾನೆಟ್‌ನ ಮುಂಚೂಣಿ, ಗಾಜಿನ ಮೇಲಿನ ಛಾವಣಿಯ ಅಂಚು, ಚಕ್ರದ ಕಮಾನು ಹಾಗೂ ಬಾಗಿಲುಗಳ ಕೆಳಗಿನ ಪಟ್ಟಿಯ ಕಡೆಗೆ ಇರಬೇಕು. ಈ ಕೊನೆಯ ಜಾಗದಲ್ಲಿ ಎರೆಮಣ್ಣಿನ ಕೆಸರು ಅಂಟಿ ದಿನಗಟ್ಟಲೆ ತೇವವನ್ನು ಹಿಡಿದಿಡುವುದರಿಂದ ಅಲ್ಲಿಯ ತುಕ್ಕು ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ಸಿಮೆಂಟ್ ದೂಳಿನ ವಿಷಯ

ಈ ಭಾಗದ ದೂಳು ಎರಡು ಬಗೆಯದು. ಕಲ್ಲು ಒಡೆಯುವ ಕ್ರಷರ್‌ಗಳಿಂದ ಏಳುವ ಸುಣ್ಣಕಲ್ಲಿನ ಪುಡಿಯು ನೀರಿನಿಂದ ಗಟ್ಟಿಯಾಗುವುದಿಲ್ಲ. ಒಣ ಬಟ್ಟೆಯಿಂದ ಉಜ್ಜಿದಾಗ ಗೀರುವುದಷ್ಟೇ ಅದರ ದೋಷ. ಸಿಮೆಂಟ್ ಪುಡಿಯ ಗುಣ ಬೇರೆ. ಅದು ಇಬ್ಬನಿ ಅಥವಾ ತುಂತುರು ಮಳೆಯ ತೇವದಲ್ಲಿ ತೀಕ್ಷ್ಣ ಕ್ಷಾರವಾಗಿ (ಪಿ.ಎಚ್. ಮೌಲ್ಯ 12ಕ್ಕೂ ಮೇಲೆ) ಪರಿವರ್ತನೆಗೊಂಡು ಹೊಳಪಿನ ಪದರವನ್ನು ಮಂಕುಗೊಳಿಸುತ್ತದೆ, ಜೊತೆಗೆ ಅಲ್ಲಿಯೇ ಹೆಪ್ಪುಗಟ್ಟಿ ಬಿಳಿಯ ಪೊರೆಯಾಗುತ್ತದೆ.

ಇಲ್ಲಿ ಗಮನಿಸತಕ್ಕ ಮುಖ್ಯ ಅಂಶವೆಂದರೆ, ಅರೆತೇವವೇ ಅತ್ಯಂತ ಹಾನಿಕರ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಬಾನೆಟ್ ಒರೆಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಸಿಮೆಂಟ್ ದೂಳು ಕುಳಿತ ಕಾರಿನ ಮೇಲೆ ಹೀಗೆ ಮಾಡುವುದೆಂದರೆ ತೆಳುವಾದ ಗಾರೆಯನ್ನು ಕೈಯಾರೆ ಹಚ್ಚಿದಂತೆಯೇ ಸರಿ. ದೂಳನ್ನು ಮೊದಲು ಧಾರಾಳವಾದ ನೀರಿನ ಹರಿವಿನಿಂದ ಮೇಲಿನಿಂದ ಕೆಳಕ್ಕೆ ಕೊಚ್ಚಿಹೋಗುವಂತೆ ತೊಳೆದು, ಆಮೇಲೆ ಮಾತ್ರ ಬಟ್ಟೆ ತಾಗಿಸಬೇಕು. ನೀರಿನ ಅಭಾವವಿದ್ದಲ್ಲಿ ಒರೆಸದೆ ಬಿಡುವುದೇ ಲೇಸು.

ಈಗಾಗಲೇ ಹೆಪ್ಪುಗಟ್ಟಿದ ಪೊರೆಗೆ ಅಡಿಗೆಯ ವಿನೆಗರ್ ಅನ್ನು ಅಷ್ಟೇ ಪ್ರಮಾಣದ ನೀರಿನಲ್ಲಿ ಬೆರೆಸಿ, ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಮೃದುವಾದ ಬಟ್ಟೆಯಲ್ಲಿ ಅದ್ದಿ ಐದು ನಿಮಿಷ ಒಣಗದಂತೆ ಇಟ್ಟು, ನಂತರ ಹೇರಳ ನೀರಿನಿಂದ ತೊಳೆಯಬಹುದು. ನೆರಳಿನಲ್ಲಿ ಮಾತ್ರ ಈ ಕೆಲಸ ಮಾಡಬೇಕು. ನೆಲದ ಸಿಮೆಂಟ್ ಕಲೆ ತೆಗೆಯಲು ಬಳಸುವ ಆ್ಯಸಿಡ್ ಅನ್ನಾಗಲಿ, ಶೌಚಾಲಯ ಶುಚಿಗೊಳಿಸುವ ದ್ರಾವಣವನ್ನಾಗಲಿ ಯಾವ ಕಾರಣಕ್ಕೂ ಕಾರಿಗೆ ಬಳಸಬಾರದು. ಇನ್ನೊಂದು ಮಾತು: ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದ್ದರೆ ವಿನೆಗರ್ ಬಿದ್ದ ಕಡೆ ಕಲ್ಲು ನೊರೆಯೆದ್ದು ಹೊಳಪು ಕಳೆದುಕೊಳ್ಳುತ್ತದೆ, ಏಕೆಂದರೆ ಅದೂ ಸುಣ್ಣಕಲ್ಲೇ. ಕಾರನ್ನು ಮಣ್ಣಿನ ನೆಲದ ಮೇಲೆ ನಿಲ್ಲಿಸಿಕೊಳ್ಳುವುದು ಕ್ಷೇಮ.

ಸಿಮೆಂಟಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಸಿಮೆಂಟ್ ಪೊರೆ ಕಾರಿಗೆ ರಕ್ಷಣೆಯೇ ಅಲ್ಲವೇ ಎಂಬ ಪ್ರಶ್ನೆ ಬರಬಹುದು. ಸರಳನ್ನು ಕಾಯುವುದು ಹಲವು ಸೆಂಟಿಮೀಟರ್ ದಪ್ಪದ, ಬಿರುಕಿಲ್ಲದ ಕಾಂಕ್ರೀಟು. ಕಾರಿನ ಮೇಲಿನ ತೆಳು ಪೊರೆಯು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಬೇಗನೆ ಹೀರಿ ಕ್ಷಾರಗುಣ ಕಳೆದುಕೊಳ್ಳುತ್ತದೆ; ಅನಂತರ ಉಳಿಯುವುದು ತೇವ ಹಿಡಿದಿಡುವ ಗುಣವೊಂದೇ.

ಮನೆಯಲ್ಲಿಯೇ ಮಾಡಬಹುದಾದ ದುರಸ್ತಿ

ಅಕ್ಕಿಕಾಳಿಗಿಂತ ಚಿಕ್ಕದಾದ ಚಕ್ಕೆಗಳನ್ನು ಮಾಲೀಕರು ತಾವೇ ದುರಸ್ತಿ ಮಾಡಿಕೊಳ್ಳಬಹುದಾಗಿದೆ. ಇದಕ್ಕೆ ಬೇಕಾದ ಟಚ್‌ಅಪ್ ಬಣ್ಣವನ್ನು ಖರೀದಿಸುವಾಗ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುವ ಬಣ್ಣದ ಹೆಸರನ್ನು ಹೇಳಿದರೆ ಸಾಲದು. ಒಬ್ಬ ತಯಾರಕರಲ್ಲಿಯೇ ಹಲವು ಬಗೆಯ ಬಿಳಿಗಳಿರುತ್ತವೆ. ಬಾನೆಟ್‌ನ ಒಳಗಿನ ಫಲಕದಲ್ಲಿ ಅಥವಾ ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲಿ ಬಣ್ಣದ ಸಂಕೇತವು ಇರುತ್ತದೆ. ಅದನ್ನು ಬರೆದುಕೊಂಡು ಹೋಗಬೇಕು. ಹಳೆಯ ಕಾರಿನ ಬಣ್ಣವು ಬಿಸಿಲಿಗೆ ಮಾಸಿರುವುದರಿಂದ ಸಂಕೇತ ಸರಿಯಿದ್ದರೂ ಛಾಯೆ ತುಸು ವ್ಯತ್ಯಾಸವಾಗುವುದು ಸಹಜ. ಉದ್ದೇಶವು ತಗಡನ್ನು ಮುಚ್ಚುವುದೇ ಹೊರತು ಗುರುತನ್ನು ಸಂಪೂರ್ಣ ಅಳಿಸುವುದಲ್ಲ ಎಂದು ಮೊದಲೇ ಮನಸ್ಸಿಗೆ ತಂದುಕೊಂಡರೆ ನಿರಾಶೆಯಾಗುವುದಿಲ್ಲ.

ಕೆಲಸಕ್ಕೆ ಸಮಯವನ್ನು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಈ ಭಾಗದ ಉಷ್ಣಾಂಶವು 40 ಡಿಗ್ರಿ ದಾಟುವುದರಿಂದ ಬಿಸಿಲಿನಲ್ಲಿ ನಿಂತ ಬಾನೆಟ್ ಮೇಲೆ ಬಣ್ಣವು ಹರಡುವ ಮೊದಲೇ ಒಣಗಿ ಗಂಟಾಗುತ್ತದೆ. ಮಳೆಗಾಲದಲ್ಲಿ ತೇವವು ಬಣ್ಣದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ, ತಗಡು ಅಂಗೈಗೆ ಬಿಸಿಯೆನಿಸುವ ಮೊದಲು, ನೆರಳಿನಲ್ಲಿ ಮಾಡಿದ ಕೆಲಸ ನಿಲ್ಲುತ್ತದೆ.

ಮೊದಲು ಜಾಗವನ್ನು ಶಾಂಪೂ ನೀರಿನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಮತ್ತು ಮೇಣವನ್ನು ಒರೆಸತಕ್ಕದ್ದು. ಪೆಟ್ರೋಲ್ ಅಥವಾ ಥಿನ್ನರ್ ಬಳಸಬಾರದು. ಅದು ಸುತ್ತಲಿನ ಬಣ್ಣವನ್ನೂ ಮೆದುಗೊಳಿಸುತ್ತದೆ. ಸಡಿಲವಾದ ಅಂಚುಗಳನ್ನು ಕಡ್ಡಿಯ ತುದಿಯಿಂದ ಎಬ್ಬಿಸಿ ತೆಗೆಯಬೇಕು. ತುಕ್ಕು ಇದ್ದಲ್ಲಿ, ಪೆನ್ಸಿಲ್ಲಿನ ಹಿಂತುದಿಗೆ ಚಿಕ್ಕ ತುಂಡು ಉಜ್ಜುಕಾಗದ ಅಂಟಿಸಿ, ಗಾಯದೊಳಗೆ ಮಾತ್ರ ತಿರುಗಿಸುತ್ತಾ ಹೊಳೆಯುವ ತಗಡು ಕಾಣುವವರೆಗೆ ತಿಕ್ಕಬೇಕು. ಸಂದಿಯಲ್ಲಿ ಉಳಿದದ್ದಕ್ಕೆ ತುಕ್ಕು ಪರಿವರ್ತಕ ದ್ರವದ ಒಂದು ಹನಿ ಇಟ್ಟು, ಡಬ್ಬಿಯ ಮೇಲಿನ ಸೂಚನೆಯಂತೆ ಕಾಯಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಕಣ್ಣಿಗೆ ಕಾಣದಂತೆ ಬೆಳೆಯಲು ಅನುಕೂಲ ಮಾಡಿಕೊಟ್ಟಂತೆ. ಉಗುರುಬಣ್ಣ ಹಚ್ಚಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಏನೂ ಇಲ್ಲದ್ದಕ್ಕಿಂತ ಅದು ಕೆಲವು ದಿನ ನೀರನ್ನು ತಡೆಯುತ್ತದೆ ಎಂಬುದು ನಿಜ, ಆದರೆ ನಮ್ಮ ಬಿಸಿಲಿಗೆ ಬೇಗನೆ ಬಿರಿಯುತ್ತದೆ.

ಆ ಬಳಿಕ ತಗಡು ಕಂಡಲ್ಲಿ ಪ್ರೈಮರ್‌ನ ಒಂದು ತೆಳು ಪದರ, ಅದು ಒಣಗಿದ ಮೇಲೆ ಬಣ್ಣದ ಎರಡು ಅಥವಾ ಮೂರು ತೆಳು ಪದರ, ಕೊನೆಗೆ ಪಾರದರ್ಶಕ ಪದರ. ಬಾಟಲಿಯೊಡನೆ ಬರುವ ಕುಂಚವು ಬಹುತೇಕ ದಪ್ಪವಾಗಿರುವುದರಿಂದ ಹಲ್ಲುಕಡ್ಡಿಯ ತುದಿಯಿಂದ ಹನಿಯಾಗಿ ಇಡುವುದು ಉತ್ತಮ. ಬಣ್ಣವನ್ನು ಸವರುವುದಲ್ಲ, ಗುಂಡಿಯೊಳಗೆ ತುಂಬುವುದು. ಒಂದೇ ಸಲಕ್ಕೆ ದಪ್ಪವಾಗಿ ತುಂಬಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಮುಂದೆ ಕುಗ್ಗುತ್ತದೆ. ಎರಡು ಮೂರು ದಿನ ನೀರು ತಾಗಿಸಬಾರದು. ಒಂದು ತಿಂಗಳು ಆ ಜಾಗಕ್ಕೆ ಮೇಣ ಹಚ್ಚಬಾರದು. ಮೇಲೆ ಉಬ್ಬಿ ಉಳಿದದ್ದನ್ನು ವಾರದ ನಂತರ 2000 ಸಂಖ್ಯೆಯ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ತಿಕ್ಕಿ ಪಾಲಿಷ್ ಮಾಡಬಹುದು. ಕೈ ಪಳಗದವರು ಈ ಹಂತವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಎರಡು ಡಬ್ಬಿಯ ಬಣ್ಣಗಳನ್ನು ಮನೆಯಲ್ಲಿ ಬಳಸಬಾರದು. ಅವುಗಳಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕವು ಉಸಿರಿನೊಂದಿಗೆ ಒಳಹೊಕ್ಕು ಶಾಶ್ವತವಾದ ಆಸ್ತಮಾಕ್ಕೆ ಕಾರಣವಾಗಬಲ್ಲದು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಈ ಕೆಲಸ ಮಾಡುವ ಯುವಕರು ಬಣ್ಣದ ಅಂಗಡಿಗಳಲ್ಲಿ ಕಂಡುಬರುತ್ತಾರೆ. ಕರವಸ್ತ್ರವು ಆವಿಯನ್ನು ತಡೆಯುವುದಿಲ್ಲ ಎಂಬುದನ್ನು ಅಂಗಡಿಯ ಮಾಲೀಕರು ಮನಗಾಣಬೇಕು.

ವಿಮೆ ಕೋರುವ ಮುನ್ನ

ಕಲ್ಲು ತಗುಲಿ ಬಣ್ಣ ಹೋದದ್ದಕ್ಕೆ ವಿಮೆ ದೊರೆಯುವುದೇ ಎಂದರೆ, ಸವಕಳಿಯಿಂದಾದ ಹಾನಿಗೆ ಪಾಲಿಸಿಯು ಅನ್ವಯಿಸುವುದಿಲ್ಲ. ಹತ್ತಾರು ಹಳೆಯ ಚುಕ್ಕೆಗಳನ್ನು ಒಟ್ಟಿಗೆ ತೋರಿಸಿದಲ್ಲಿ ಸವಕಳಿಯೆಂದು ತಿರಸ್ಕೃತವಾಗುವ ಸಂಭವವಿದೆ. ಮಂಜೂರಾದರೂ ಲೆಕ್ಕ ಹಾಕಿ ನೋಡುವುದು ಅಗತ್ಯ. ಉದಾಹರಣೆಗೆ, ಬಾನೆಟ್‌ಗೆ ಬಣ್ಣ ಮಾಡಿಸಲು 6,000 ರೂಪಾಯಿ ಬಿಲ್ ಆಗಿದೆಯೆಂದು ಭಾವಿಸೋಣ. ಸಾಮಾನ್ಯ ಪಾಲಿಸಿಯಲ್ಲಿ ಬಣ್ಣದ ಒಟ್ಟು ಬಿಲ್ಲಿನ ಶೇ. 25 ಭಾಗವನ್ನು ಸಾಮಗ್ರಿಯ ಬೆಲೆಯೆಂದು ಪರಿಗಣಿಸಿ ಅದರ ಅರ್ಧವನ್ನು ಸವಕಳಿಯಾಗಿ ಕಳೆಯಲಾಗುತ್ತದೆ. ಅದು 750 ರೂಪಾಯಿ. 1500 ಸಿ.ಸಿ.ವರೆಗಿನ ಕಾರಿಗೆ ಮಾಲೀಕರೇ ಭರಿಸಬೇಕಾದ ಕಡ್ಡಾಯ ಮೊತ್ತ 1,000 ರೂಪಾಯಿ (ಅದಕ್ಕೆ ಮೇಲ್ಪಟ್ಟಲ್ಲಿ 2,000). ಕೈಗೆ ಬರುವುದು 4,250. ಆ ಕಾರಿನ ಸ್ವಂತಹಾನಿ ಪ್ರೀಮಿಯಂ 9,000 ರೂಪಾಯಿ ಇದ್ದು, ಐದು ವರ್ಷ ಕ್ಲೇಮು ಮಾಡದೆ ಶೇ. 50ರ ರಿಯಾಯಿತಿ ಗಳಿಸಿದ್ದರೆ, ಈ ಒಂದು ಕ್ಲೇಮಿನಿಂದ ಮರುವರ್ಷವೇ 4,500 ರೂಪಾಯಿ ಕಳೆದುಕೊಳ್ಳಬೇಕಾಗುತ್ತದೆ. ನಂತರದ ವರ್ಷ ರಿಯಾಯಿತಿಯು ಮತ್ತೆ ಶೇ. 20ರಿಂದ ಆರಂಭವಾಗುತ್ತದೆ. ಸಣ್ಣ ಬಣ್ಣದ ಕೆಲಸಕ್ಕೆ ವಿಮೆ ಕೋರದಿರುವುದೇ ಲಾಭವೆಂದು ಇದರಿಂದ ವ್ಯಕ್ತವಾಗುತ್ತದೆ.

ಮುಂಜಾಗ್ರತೆ

ಕಲ್ಲಿನ ಹೊಡೆತದ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ತಗುಲುವ ಕಲ್ಲು 40 ಕಿ.ಮೀ. ವೇಗದಲ್ಲಿ ತಗುಲುವ ಅದೇ ಕಲ್ಲಿಗಿಂತ ನಾಲ್ಕು ಪಟ್ಟು ಶಕ್ತಿಯಿಂದ ಅಪ್ಪಳಿಸುತ್ತದೆ. ಜಲ್ಲಿ ತುಂಬಿದ ಟಿಪ್ಪರ್‌ನ ಹಿಂದೆ ಕನಿಷ್ಠ ಮೂರು ಸೆಕೆಂಡುಗಳ ಅಂತರವನ್ನು ಕಾಯ್ದುಕೊಳ್ಳತಕ್ಕದ್ದು; ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು 50 ಮೀಟರ್ ಆಗುತ್ತದೆ. ಕಲಬುರಗಿ–ಸೇಡಂ ರಸ್ತೆಯಲ್ಲಿ ಇಂತಹ ಲಾರಿಯನ್ನು ಹಿಂದಿಕ್ಕುವ ಆತುರದಲ್ಲಿ ಅದರ ಬಾಲಕ್ಕೆ ಅಂಟಿಕೊಂಡು ಅವಕಾಶಕ್ಕಾಗಿ ಕಾಯುವುದೇ ಗಾಜಿಗೂ ಬಣ್ಣಕ್ಕೂ ಹೆಚ್ಚು ಹಾನಿ ತರುವ ಅಭ್ಯಾಸ. ಕಲ್ಲು ಹಾರಿಬಂದಾಗ ಬಣ್ಣ ಉಳಿಸಲು ಸ್ಟೇರಿಂಗ್ ತಿರುಗಿಸುವುದು ಇನ್ನೂ ಅಪಾಯಕರ. ಬಣ್ಣಕ್ಕೆ ಬೆಲೆ ಕಟ್ಟಬಹುದು, ಎದುರಿನಿಂದ ಬರುವವರ ಜೀವಕ್ಕಲ್ಲ.

ಸರಕು ಸಾಗಣೆದಾರರೂ ತಮ್ಮ ಹೊಣೆಯನ್ನು ಅರಿಯಬೇಕು. ಕಲ್ಲು, ಜಲ್ಲಿ, ಮರಳನ್ನು ಪಕ್ಕದ ಹಲಗೆಗಿಂತ ಮೇಲೆ ಪೇರಿಸದೆ ತಾಡಪತ್ರಿ ಹೊದಿಸಿ ಬಿಗಿಯಾಗಿ ಕಟ್ಟಿ ಸಾಗಿಸಬೇಕು. ಮಿತಿಮೀರಿದ ಭಾರಕ್ಕೆ ಮೋಟಾರು ವಾಹನಗಳ ಅಧಿನಿಯಮದ ಕಲಂ 194ರಲ್ಲಿ, 2019ರ ತಿದ್ದುಪಡಿಯ ಮೇರೆಗೆ, 20,000 ರೂಪಾಯಿ ಹಾಗೂ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ.

ಕಾರಿಗೆ ಅಳವಡಿಸಬಹುದಾದ ವಸ್ತುಗಳ ಪೈಕಿ ಚಕ್ರಗಳ ಹಿಂದಿನ ಮಡ್‌ಫ್ಲಾಪ್ ಅತ್ಯಂತ ಅಗ್ಗ ಹಾಗೂ ಉಪಯುಕ್ತ. ಬಾನೆಟ್‌ನ ಮುಂಚೂಣಿಗೆ ಅಂಟಿಸುವ ಪಾರದರ್ಶಕ ರಕ್ಷಣಾ ಹಾಳೆಯು ಬಣ್ಣಕ್ಕಿಂತ ದಪ್ಪವಾಗಿದ್ದು ಕಲ್ಲಿನ ಹೊಡೆತವನ್ನು ತಾಳುತ್ತದೆ. ಇಡೀ ಕಾರಿಗೆ ಬೇಕಾಗಿಲ್ಲ. ಸೆರಾಮಿಕ್ ಲೇಪನವು ಕೆಲವೇ ಮೈಕ್ರಾನ್ ದಪ್ಪದ್ದು. ಅದು ನೀರು ಜಾರಲು, ತೊಳೆಯಲು ಅನುಕೂಲವೇ ಹೊರತು ಕಲ್ಲನ್ನು ತಡೆಯುತ್ತದೆ ಎಂಬ ಮಾತನ್ನು ನಂಬಬಾರದು. ಮುಂಭಾಗಕ್ಕೆ ಉಕ್ಕಿನ ಬುಲ್ ಗಾರ್ಡ್ ಅಳವಡಿಸುವುದನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಡಿಸೆಂಬರ್ 2017ರಲ್ಲಿ ನಿಷೇಧಿಸಿದೆ. ದೂಳು ಕುಳಿತ ಕಾರಿನ ಮೇಲೆ ಹೊದಿಕೆ ಹಾಕಿದರೆ ಗಾಳಿಗೆ ಅದು ಉಜ್ಜುಕಾಗದದಂತೆ ವರ್ತಿಸುತ್ತದೆ. ತೊಳೆದ ನಂತರವೇ ಹೊದಿಸಬೇಕು. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ತೊಳೆದ ಕಾರನ್ನು ಬಿಸಿಲಿಗೆ ಒಣಗಲು ಬಿಡದೆ ಒರೆಸಿಬಿಡಬೇಕು.

ನೋಂದಣಿಗೆ ಸಂಬಂಧಿಸಿದಂತೆ

ಇರುವ ಬಣ್ಣವನ್ನೇ ಮತ್ತೆ ಬಳಿಯುವುದಕ್ಕೆ, ಅದು ಒಂದು ಚುಕ್ಕೆಯಾಗಲಿ ಇಡೀ ಬಾಗಿಲಾಗಲಿ, ಯಾವುದೇ ಅರ್ಜಿಯ ಅವಶ್ಯಕತೆಯಿಲ್ಲ. ಕಾರಿನ ಬಣ್ಣವನ್ನೇ ಬದಲಾಯಿಸುವುದಾದರೆ, ನೋಂದಣಿ ಪ್ರಮಾಣಪತ್ರದಲ್ಲಿ ಬಣ್ಣವೂ ನಮೂದಾಗಿರುವುದರಿಂದ, ಕೆಲಸಕ್ಕೆ ಮುನ್ನ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಿ ನಮೂದನ್ನು ತಿದ್ದುಪಡಿ ಮಾಡಿಸಿಕೊಳ್ಳುವುದು ಸೂಕ್ತ. ದಾಖಲೆಯಲ್ಲಿ ಒಂದು ಬಣ್ಣ, ವಾಹನದಲ್ಲಿ ಇನ್ನೊಂದು ಬಣ್ಣವಿದ್ದಲ್ಲಿ ತಪಾಸಣೆಯ ಸಮಯದಲ್ಲಿಯೂ, ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವ ವರ್ಗಾವಣೆ ಕೋರುವಾಗಲೂ ವಿವರಣೆ ನೀಡಬೇಕಾಗುತ್ತದೆ. ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಾದ ಆಲಿವ್ ಹಸಿರು ಬಣ್ಣವನ್ನು ಖಾಸಗಿ ವಾಹನಗಳಿಗೆ ಬಳಿಯುವುದನ್ನು ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ ನಿಯಮ 121ರಲ್ಲಿ ನಿರ್ಬಂಧಿಸಲಾಗಿದೆ.

ಬಂಪರ್‌ಗೆ ಬಣ್ಣ ಮಾಡಿಸುವಾಗ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಕಿತ್ತು ತೆಗೆಯಲು ಬಿಡಬಾರದು. ಅದರ ಲಾಕ್‌ಗಳು ಒಮ್ಮೆ ಮುರಿದರೆ ಮತ್ತೆ ಬಳಕೆಗೆ ಬರುವುದಿಲ್ಲ. ಫಲಕವನ್ನು ಕಾಗದದಿಂದ ಮುಚ್ಚಿ ಕೆಲಸ ಮಾಡುವಂತೆ ಬಣ್ಣದವರಿಗೆ ಮೊದಲೇ ತಿಳಿಸತಕ್ಕದ್ದು.

ಖಾಸಗಿ ಕಾರಿನ ನೋಂದಣಿಯು ಹದಿನೈದು ವರ್ಷಗಳವರೆಗೆ ಊರ್ಜಿತವಾಗಿದ್ದು, ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕಾಗುತ್ತದೆ. ಅವಧಿ ಮುಗಿಯುವ 60 ದಿನಗಳ ಒಳಗೆ ಈ ಅರ್ಜಿಯನ್ನು ಸಲ್ಲಿಸಬಹುದು. ಆಗ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕು. ಬಾನೆಟ್ ಮೇಲಿನ ನಾಲ್ಕು ಚುಕ್ಕೆಗಳಿಗೂ, ತುಕ್ಕು ತಿಂದು ತೂತಾದ ತಳಕ್ಕೂ ಬಹಳ ವ್ಯತ್ಯಾಸವಿದೆ. ಬಾಗಿಲಿನ ಕೆಳಪಟ್ಟಿ, ಸೀಟು ಬೆಲ್ಟ್ ಕಟ್ಟಿರುವ ಜಾಗ, ಚಕ್ರದ ಆಧಾರ ಇವು ಪ್ರಯಾಣಿಕರ ಸುರಕ್ಷತೆಗೆ ಸಂಬಂಧಿಸಿದವು. ಇವುಗಳಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿಸಿ ಹಾಜರುಪಡಿಸುವುದರಿಂದ ಮೋಸಹೋಗುವವರು ಆ ಕಾರಿನಲ್ಲಿ ಕೂರುವವರೇ. ಹಳೆಯ ಕಾರು ಕೊಳ್ಳುವವರು ಈ ಭಾಗಗಳನ್ನು ಬೆರಳಿನಿಂದ ತಟ್ಟಿ, ಕಾಲುಹಾಸನ್ನು ಎತ್ತಿ ನೋಡುವುದು ಅವಶ್ಯ.

ಬಣ್ಣದ ಕೆಲಸದಲ್ಲಿ ಆಗಾಗ್ಗೆ ಮರೆತುಹೋಗುವುದು ಚಾಸಿ ಸಂಖ್ಯೆ. ತಗಡಿನ ಮೇಲೆ ಕೊರೆದ ಈ ಸಂಖ್ಯೆಯನ್ನು ಪರಿಶೀಲನೆಯಲ್ಲಿ ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ. ಅದರ ಮೇಲೆ ಪುಟ್ಟಿ ಅಥವಾ ದಪ್ಪ ಬಣ್ಣ ಕುಳಿತರೆ ಅಕ್ಷರಗಳು ಓದಲು ಬಾರದಾಗುತ್ತವೆ. ತುಕ್ಕು ಹಿಡಿದಿದೆಯೆಂದು ಗ್ರೈಂಡರ್‌ನಿಂದ ಉಜ್ಜಿದರೆ ಸಂಖ್ಯೆಯನ್ನು ತಿದ್ದಿದ ಸಂಶಯಕ್ಕೆ ಗುರಿಯಾಗಬೇಕಾಗುತ್ತದೆ. ಆ ಜಾಗವನ್ನು ಮೊದಲೇ ಗುರುತಿಸಿ, ಟೇಪು ಅಂಟಿಸಿ ಮುಚ್ಚಿಸಬೇಕು. ತೆಳುವಾದ ತುಕ್ಕು ಇದ್ದಲ್ಲಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೃದುವಾಗಿ ಒರೆಸಿ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಸ್ವಲ್ಪ ಗ್ರೀಸ್ ಸವರಿ ಇಡಬಹುದು.